ಕಾಕಾನ ಪ್ರೆಸ್ಸಿನ ಹಳೇ ಎಕ್ಸ್‌ಪಿ ಕಂಪ್ಯೂಟರ್ ಚಾಲೂನೇ ಆಗಲತ್ತಿಲ್ಲ, ಫಾರ್ಮ್ಯಾಟ್ ಬಿಟ್ಟು ಬ್ಯಾರೆ ಹಾದಿ ಅದಾ?

ಗಂಜ್ ಪ್ರೆಸ್
ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಾಗ ನಮ್ಮ ಕಾಕಾಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಅದ. ಲಗ್ನಪತ್ರ, ಬಿಲ್ ಬುಕ್, ಜಾತ್ರಿ ಕರಪತ್ರ, ತೊಟ್ಟಿಲ ಕಾರ್ಡು, ಎಲ್ಲಾ ಒಂದೇ ಕಂಪ್ಯೂಟರ್ ಮ್ಯಾಲ. ಪೆಂಟಿಯಂ 4, 512 ಎಂಬಿ ರ್‍ಯಾಮ್, ವಿಂಡೋಸ್ ಎಕ್ಸ್‌ಪಿ.

ಮೊನ್ನಿ ರಾತ್ರಿ ಕರೆಂಟ್ ಹೋಗೋದು ಬರೋದು ಮಾಡ್ತು. ಯುಪಿಎಸ್ ಬ್ಯಾಟರಿ ಸತ್ತು ಭಾಳ ದಿನ ಆಗ್ಯಾದ, ಹಂಗೇ ನಡದಿತ್ತು. ಮುಂಜಾನಿ ಚಾಲೂ ಮಾಡಿದ್ರ ಕರೀ ಸ್ಕ್ರೀನ್ ಮ್ಯಾಲ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಅಂತದ. ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿದ್ರ ಮತ್ತ ಅದೇ.

ರಿಪೇರಿಯವರಿಗಿ ಕರ್ಸಿದ್ವಿ. ಸಿಸ್ಟಮ್ ಫೈಲ್ ಹೋಗ್ಯಾದ, ಫಾರ್ಮ್ಯಾಟ್ ಹೊಡದು ಹೊಸಾ ವಿಂಡೋಸ್ ಹಾಕ್ತೀನಿ ಅಂದ್ರು. ತೊಂದ್ರಿ ಏನಂದ್ರ, ಅದರಾಗ ಪುಟ ಜೋಡಸೋ ಪೇಜ್‌ಮೇಕರ್ 7 ಅದ, ಅದರ ಜೋಡಿ ಕನ್ನಡ ಅಕ್ಷರದ ಸಾಫ್ಟ್‌ವೇರ್, ಅದಕ್ಕೊಂದು ಲಾಕ್, ಅಂದ್ರ ಅದಿದ್ರೇ ಸಾಫ್ಟ್‌ವೇರ್ ನಡಿಯೋ ಸಣ್ಣ ಡಬ್ಬಿ, ಹಿಂದ ಪ್ರಿಂಟರ್ ಪೋರ್ಟಿಗಿ ಸಿಗಿಸ್ಯಾರ. ಸಾಫ್ಟ್‌ವೇರ್ ಸಿಡಿ ಎಲ್ಲದನೋ ಕಾಕಾಗೂ ಗೊತ್ತಿಲ್ಲ. ಲಗ್ನದ ಸೀಜನ್, ಗಿರಾಕಿಗಳು ಬಂದು ಕುಂತಾರ. ಫಾರ್ಮ್ಯಾಟ್ ಮಾಡದೇ ಎದ್ದು ಕುಂದ್ರೋ ಹಾದಿ ಯಾರಿಗಾರ ಗೊತ್ತದೇನ್ರಿ?

ಸ್ಟೇಷನ್ ರೋಡ್ ಶಿಷ್ಯ
ಪೆನ್ ಡ್ರೈವ್ ಏನಾರ ಸಿಗಿಸಿಟ್ಟಿದ್ರ ತೆಗೀರಿ. ಫ್ಲಾಪಿ ಇದ್ರ ಅದೂ.

ಗಂಜ್ ಪ್ರೆಸ್
ಏನೂ ಇಲ್ರೀ, ನೋಡೀನಿ.

ಖಡಕ್ ಚಾಯ್
ಏ ಭಾಯಿ, ಎಕ್ಸ್‌ಪಿಗಿ ಮೈಕ್ರೋಸಾಫ್ಟ್‌ನವರೇ 2014ರ ಏಪ್ರಿಲ್‌ನಾಗ ಕೈ ಬಿಟ್ಟಾರ, ನೀವು ಇನ್ನೂ ಹಿಡಕೊಂಡು ಕುಂತೀರಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಂಡು ಹೊಸಾ ವಿಂಡೋಸ್ ಹಾಕಿ ಬಿಡ್ರಿ. ತಲಿನೋವೇ ಬ್ಯಾಡ.

ಆಳಂದ ಟೈಪಿಂಗ್
ಹೊಸಾದು ತಗೋರಿ ಅನ್ನೋದು ಸುಲಭ ಅದ ಅಣ್ಣಾ. ಅವರ ಲಾಕ್ ಹಿಂದಿನ 25 ಪಿನ್ನಿನ ಪೋರ್ಟಿಗಿ ಅದ. ಈಗಿನ ಕಂಪ್ಯೂಟರಿಗಿ ಆ ಪೋರ್ಟೇ ಇರಲ್ಲ. ಯುಎಸ್‌ಬಿ ಕನ್ವರ್ಟರ್ ಕೇಬಲ್ ಪ್ರಿಂಟರಿಗಿ ನಡೀತದ, ಲಾಕಿಗಿ ನಡಿಯಲ್ಲ. ಲಾಕ್ ನಡೀಲಿಲ್ಲಂದ್ರ ಹಳೇ ಲಗ್ನಪತ್ರ ತಗದ್ರ ಬರೇ ಇಂಗ್ಲಿಷ್ ಅಕ್ಷರ, ಚಿಹ್ನಿ, ಕಸಾನೇ ಕಾಣಸ್ತದ.

ನಮ್ಮ ಕಡಿ ಒಂದು ಅಂಗಡಿಯವರು ಕೇಳದೇ ಫಾರ್ಮ್ಯಾಟ್ ಹೊಡದು, ‘ಮೈ ಡಾಕ್ಯುಮೆಂಟ್ಸ್ ಬ್ಯಾಕಪ್ ತಗದೀನಲ್ಲಕ್ಕ’ ಅಂದ್ರು. ಪೇಜ್‌ಮೇಕರ್ ಫೈಲ್ ಎಲ್ಲಾ ಸಿ ಡ್ರೈವಿನಾಗ ಬ್ಯಾರೆ ಫೋಲ್ಡರಿನಾಗ ಇದ್ವು. ಹೋದ್ವು. ಹಂಗಾಗಿ ಯಾರ ಕೈಗೂ ಕೊಡಬ್ಯಾಡ್ರಿ ಮೊದ್ಲು.

ಯಾದಗಿರಿ ಲ್ಯಾಬ್
ನಾ ಕಾಲೇಜಿನ ಲ್ಯಾಬ್ ನೋಡ್ಕೋತೀನಿ, ಇಂಥ ಡಬ್ಬಿ ಇನ್ನೂ ನಮ್ಮಲ್ಲಿ ಅವ. ಸಾವಕಾಶ ಕೇಳ್ರಿ.

ಕಂಪ್ಯೂಟರ್ ಚಾಲೂ ಆದ ಕೂಡ್ಲೇ ಬಾಯೋಸ್, ಅಂದ್ರ ಮದರ್‌ಬೋರ್ಡಿನಾಗೇ ಇರೋ ಪ್ರೋಗ್ರಾಂ, ಒಂದು ಡಿಸ್ಕ್ ಆರಿಸ್ತದ. ಆ ಡಿಸ್ಕಿನ ಮೊದಲನೇ ಸೆಕ್ಟರ್ ಓದಿ, ಅಲ್ಲಿಂದ ಆಕ್ಟಿವ್ ಪಾರ್ಟಿಶನ್ನಿಗಿ, ಅಂದ್ರ ಚಾಲೂ ಮಾಡ್ಲಾಕ ಗುರ್ತು ಹಾಕಿದ ಡಿಸ್ಕಿನ ಭಾಗಕ್ಕ, ಜಿಗೀತದ. ಅಲ್ಲಿ ಸಿ ಡ್ರೈವಿನ ಬಾಗಿಲದಾಗೇ, ಯಾವ ಫೋಲ್ಡರಿನೊಳಗೂ ಅಲ್ಲ, ಎನ್‌ಟಿಎಲ್‌ಡಿಆರ್ ಅನ್ನೋ ಫೈಲ್ ಇರ್ತದ. ಅದರ ಜೋಡಿ ಬೂಟ್ ಡಾಟ್ ಐಎನ್ಐ, ಎನ್‌ಟಿಡಿಟೆಕ್ಟ್ ಡಾಟ್ ಕಾಮ್. ಈ ಮೂರೂ ಸೇರಿ ವಿಂಡೋಸ್ ಎಬ್ಬಸ್ತಾವ. ವಿಂಡೋಸ್ ಅಂಬೋದು ಆಮ್ಯಾಲಿನ ಮಾತು.

‘ಮಿಸ್ಸಿಂಗ್’ ಅಂತ ಬಂದ್ರ ಫೈಲ್ ಅಳದು ಹೋಗ್ಯಾದ ಅಂತೇ ತಿಳಕೋಬಾರದು. ಬಾಯೋಸ್ ಬ್ಯಾರೆ ಡಿಸ್ಕ್ ಆರಿಸಿ, ಅಲ್ಲಿ ಆ ಫೈಲ್ ಇರ್ಲಿಲ್ಲಂದ್ರೂ ಇದೇ ಮಾತು ಬರ್ತದ. ಶಿಷ್ಯ ಅವರು ಪೆನ್ ಡ್ರೈವ್ ತೆಗೀರಿ ಅಂದಿದ್ದು ಅದಕ್ಕೇ. ಇನ್ನು ‘ಎನ್‌ಟಿಎಲ್‌ಡಿಆರ್ ಈಸ್ ಕಂಪ್ರೆಸ್ಡ್’ ಅಂತ ಬಂದ್ರ ಅದು ಬ್ಯಾರೆ ರೋಗ. ಯಾರೋ ಜಾಗ ಉಳಸ್ಲಾಕ ಸಿ ಡ್ರೈವ್ ಪೂರಾ ಕಂಪ್ರೆಸ್ ಮಾಡಿರ್ತಾರ.

ಎರಡು ಮಾತು ಹೇಳ್ರಿ: ಒಳಗ ಹಾರ್ಡ್ ಡಿಸ್ಕ್ ಒಂದೋ ಎರಡೋ? ಡಿಲೀಟ್ ಒತ್ತಿ ಬಾಯೋಸ್ ಹೊಕ್ಕು ನೋಡಿದ್ರ ತಾರೀಖು ಎಷ್ಟದ?

ಗಂಜ್ ಪ್ರೆಸ್
ಡಬ್ಬಿ ಬಿಚ್ಚೀನಿ ಸರ್. ಎರಡವ. 80 ಜಿಬಿದು, 40 ಜಿಬಿದು, ಎರಡೂ ಅಗಲ ಪಟ್ಟಿ ಕೇಬಲ್ಲಿನವು. 40 ಜಿಬಿ ಮೊದ್ಲಿನ ಡಿಸ್ಕಂತ, ಆಮ್ಯಾಲ ಖಾಲಿ ಮಾಡಿ ಫೈಲ್ ಇಡ್ಲಾಕ ಇಟ್ಟಾರಂತ. ತಾರೀಖು ಜನವರಿ 2003 ತೋರ್ಸಲತ್ತದ!

ಯಾದಗಿರಿ ಲ್ಯಾಬ್
ಸಿಕ್ತು ನೋಡ್ರಿ. ಮದರ್‌ಬೋರ್ಡ್ ಮ್ಯಾಲ ದುಂಡಂದು ಸೆಲ್ ಅದಲ್ಲ, ಸಿಆರ್2032, ಅದು ಸತ್ತದ. ಕರೆಂಟ್ ಹೋದ ಕೂಡ್ಲೇ ಬಾಯೋಸ್ ಎಲ್ಲಾ ಮರ್ತು ಹುಟ್ಟಿದಾಗಿನ ಸೆಟ್ಟಿಂಗಿಗಿ ಬಂದದ. ಈಗ 40 ಜಿಬಿಗಿ ಮೊದ್ಲು ಹೋಗಕತ್ತದ. ಅದು ಒಂದು ಕಾಲಕ್ಕ ಸಿಸ್ಟಮ್ ಡಿಸ್ಕ್ ಇತ್ತಲ್ಲ, ಅದರ ಪಾರ್ಟಿಶನ್ ಇನ್ನೂ ಆಕ್ಟಿವ್ ಅದ, ಬೂಟ್ ಸೆಕ್ಟರ್ ಅದ, ಫೈಲ್ ಮಾತ್ರ ಇಲ್ಲ.

ಸೆಲ್ ಬದಲ್ರಿ, ತಾರೀಖು ಸರಿ ಮಾಡ್ರಿ. ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ ಅಂತಿರ್ತದ, ಅಲ್ಲಿ 80 ಜಿಬಿ ಮ್ಯಾಲ ತರ್ರಿ. ಎಫ್10 ಒತ್ತಿ ಸೇವ್. ಲಾಕ್ ಸಿಗಿಸಿದ ಪೋರ್ಟಿನ ಸೆಟ್ಟಿಂಗೂ ಅಲ್ಲೇ ಅದ, ಅದೂ ಬದಲಾಗಿರ್ತದ, ನೋಡಿ ಬರದಿಟ್ಕೋರಿ.

ತೊಗರಿ ಕಣಜ
ಸೆಲ್ಲಿಗಿ ಸೂಪರ್ ಮಾರ್ಕೆಟ್ ಕಡಿ ಹೋಗ್ರಿ, ಗಡಿಯಾರ ರಿಪೇರಿಯವರ ಹತ್ರಾನೂ ಸಿಗ್ತದ. ಚಿಲ್ಲರ ರೊಕ್ಕದ ಕೆಲಸ. ಆ ರಿಪೇರಿಯವ ಫಾರ್ಮ್ಯಾಟಿಗಿ ಎಷ್ಟು ಕೇಳಿದ್ದ?

ಖಡಕ್ ಚಾಯ್
ಒಂದು ಸೆಲ್ಲಿಗಿ ಇಷ್ಟು ಪುರಾಣ! ಬಗೀಹರೀತು ಬಿಡ್ರಿ, ಬಾಗಲ ಹಾಕ್ರಿ ಚರ್ಚಾಕ್ಕ.

ಗಂಜ್ ಪ್ರೆಸ್ (ಮರುದಿನ ಮಧ್ಯಾಹ್ನ)
ಬಗೀಹರಿದಿಲ್ರೀ. ಸೆಲ್ ಹಾಕಿದೆ, 80 ಜಿಬಿ ಮ್ಯಾಲ ತಂದೆ. ಮೊದಲಿನ ಮಾತು ಹೋತು, ಈಗ ಹೊಸಾದು ಬರಲತ್ತದ. ಫೋಟೋ ನೋಡಿ ಬರೀಲತ್ತೀನಿ: ಈ ಫೈಲ್ ಇಲ್ಲ ಇಲ್ಲಾ ಕೆಟ್ಟದ, ಅದಕ್ಕ ವಿಂಡೋಸ್ ಚಾಲೂ ಆಗಲ್ಲ ಅಂತ ಇಂಗ್ಲಿಷಿನಾಗ ಅದ. ಫೈಲಿನ ಹೆಸರು ವಿಂಡೋಸ್, ಸಿಸ್ಟಮ್32, ಕಾನ್ಫಿಗ್, ಸಿಸ್ಟಮ್. ಕೆಳಗ ಸಿಡಿ ಹಾಕಿ ‘ಆರ್’ ಒತ್ತಿ ರಿಪೇರಿ ಮಾಡ್ರಿ ಅಂತದ. ಎಕ್ಸ್‌ಪಿ ಸಿಡಿ ಒಂದು ಕಪಾಟಿನಾಗ ಸಿಕ್ಕದ.

ಸ್ಟೇಷನ್ ರೋಡ್ ಶಿಷ್ಯ
ಇದು ಖರೇ ಸಿಸ್ಟಮ್ ಫೈಲ್ ಹೋಗಿದ್ದು. ರಜಿಸ್ಟ್ರಿದು, ಅಂದ್ರ ವಿಂಡೋಸಿನ ಸೆಟ್ಟಿಂಗ್ ಎಲ್ಲಾ ಬರದಿಟ್ಟ ಖಾತೆದು, ಒಂದು ಭಾಗ ಅದು, ಯಾವ ಡ್ರೈವರ್ ಎಲ್ಲದ ಅಂತ ಅದರಾಗೇ ಇರ್ತದ. ಬರೀಲತ್ತಾಗ ಕರೆಂಟ್ ಹೋದ್ರ ಹಿಂಗಾಗ್ತದ. ಸುಲಭ ಅದ: ಸಿಡಿ ಹಾಕಿ ಬೂಟ್ ಮಾಡ್ರಿ, ನೀಲಿ ಸ್ಕ್ರೀನ್ ಮ್ಯಾಲ ‘ಆರ್’ ಒತ್ತಿದ್ರ ರಿಕವರಿ ಕನ್ಸೋಲ್ ಬರ್ತದ. ಯಾವ ವಿಂಡೋಸ್ ಅಂತ ಕೇಳ್ತದ, 1 ಒತ್ರಿ. ಪಾಸ್‌ವರ್ಡ್ ಕೇಳಿದ್ರ, ಇಟ್ಟಿರಲಿಲ್ಲಂದ್ರ ಬರೇ ಎಂಟರ್. ಮೊದ್ಲು ಚೆಕ್‌ಡಿಸ್ಕ್ ಹೊಡೀರಿ, ಸಿ-ಎಚ್-ಕೆ-ಡಿ-ಎಸ್-ಕೆ, ಜಾಗ ಬಿಟ್ಟು ಸ್ಲ್ಯಾಶ್ ಆರ್. ಆಮ್ಯಾಲ ಕಾನ್ಫಿಗ್ ಫೋಲ್ಡರಿನ ಸಿಸ್ಟಮ್ ಫೈಲಿನ ಹೆಸರು ಬದಲಿಸಿ, ವಿಂಡೋಸಿನ ರಿಪೇರ್ ಫೋಲ್ಡರಿನಾಗಿನ ಸಿಸ್ಟಮ್ ಅಲ್ಲಿಗಿ ಕಾಪಿ ಮಾಡ್ರಿ. ಎಕ್ಸಿಟ್. ಮುಗೀತು.

ಯಾದಗಿರಿ ಲ್ಯಾಬ್
ನಿಲ್ರಿ ನಿಲ್ರಿ. ಶಿಷ್ಯ ಅವರೇ, ದಾರಿ ಖರೇ ಅದ, ಸರತಿ ತಪ್ಪದ.

ಒಂದು, ಅಷ್ಟು ಹಳೇ ಡಿಸ್ಕ್ ಹೆಂಗದ ಅಂತ ನೋಡದೇ ಸ್ಲ್ಯಾಶ್ ಆರ್ ಹೊಡೀಬಾರದು. ಅದು ಡಿಸ್ಕ್ ಪೂರಾ ಗಂಟೆಗಟ್ಟಲೆ ತಿಕ್ಕತದ, ಹಾಳಾದ ಜಾಗದಾಗಿನ ಫೈಲ್ ಕಡದು ತುಂಡು ಮಾಡಿ ಇಡ್ತದ. ಸಾಯಕತ್ತಿದ ಡಿಸ್ಕ್ ಅದೇ ಹೊತ್ತಿಗಿ ಪೂರಾ ಸಾಯ್ತದ. ಚೆಕ್‌ಡಿಸ್ಕಿಗಿ ಕಡತ ಉಳೀಲಿ ಅನ್ನೋ ಕಾಳಜಿ ಇಲ್ಲ, ಲೆಕ್ಕ ತಾಳೆ ಆದ್ರ ಸಾಕು.

ಎರಡು, ರಿಪೇರ್ ಫೋಲ್ಡರಿನಾಗಿನದು ವಿಂಡೋಸ್ ಹಾಕಿದ ದಿನದ ನಕಲು. ಅದನ್ನ ಹಾಕಿದ್ರ ಕಂಪ್ಯೂಟರ್ ಏಳ್ತದ, ಆದ್ರ ಆಮ್ಯಾಲ ಹಾಕಿದ ಯಾವ ಡ್ರೈವರೂ ಅದಕ್ಕ ನೆನಪಿರಲ್ಲ. ಲಾಕಿನ ಡ್ರೈವರೂ ಅದರಾಗೇ ಬಂತು. ಸಿಡಿ ಇಲ್ಲಂತಾರ ಅವರು!

ಸ್ಟೇಷನ್ ರೋಡ್ ಶಿಷ್ಯ
ಎಷ್ಟೋ ಮಷೀನ್ ಹಿಂಗೇ ಎಬ್ಬಿಸೀನಿ ಸಾಹೇಬ್ರ. ಪುಸ್ತಕದ ಮಾತು ಬ್ಯಾರೆ, ಅಂಗಡಿ ಮಾತು ಬ್ಯಾರೆ. ಗಿರಾಕಿ ಎದುರು ನಿಂತಿರ್ತಾನ.

ಯಾದಗಿರಿ ಲ್ಯಾಬ್
ನಿಮ್ಮ ಗಿರಾಕಿಗಿ ಸಿನಿಮಾ ನೋಡೋ ಕಂಪ್ಯೂಟರ್ ಎದ್ರ ಸಾಕಾಗಿತ್ತು. ಇವರಿಗಿ ಲಾಕ್ ಬೇಕು, ಫಾಂಟ್ ಬೇಕು, ಫೈಲ್ ಬೇಕು. ಎದ್ದ ಮ್ಯಾಲ ಪೇಜ್‌ಮೇಕರಿನಾಗ ಕನ್ನಡ ಬರಲಿಲ್ಲಂದ್ರ ಎದ್ದೂ ಏನು ಉಪಯೋಗ?

ಸೇಡಂ ಟು ಬೆಂಗಳೂರು
ಇಬ್ಬರದೂ ಸರಿ ಇದೆ, ಜಗಳ ಬೇಡ. ನಾನು ಡೇಟಾ ರಿಕವರಿ ಕೆಲಸದಲ್ಲೇ ಇರೋದರಿಂದ ಒಂದು ಮಾತು. ಫೈಲ್ ಸರಿ ಮಾಡೋದು ಕೊನೇ ಕೆಲಸ. ಮೊದಲ ಕೆಲಸ ಡಿಸ್ಕಿನ ಪೂರ್ತಿ ನಕಲು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಪುಕ್ಕಟೆ ಟೂಲ್ ಇದೆ. ಚೆನ್ನಾಗಿರೋ ಜಾಗವನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತೆ. ನಡುವೆ ಕರೆಂಟ್ ಹೋದರೂ ಮ್ಯಾಪ್ ಫೈಲ್ ಇಟ್ಟಿದ್ದರೆ ಬಿಟ್ಟಲ್ಲಿಂದ ಶುರು ಮಾಡಬಹುದು. ನಿಮ್ಮೂರಿನ ಕರೆಂಟಿಗೆ ಇದು ಮುಖ್ಯ.

ಐಡಿಇ, ಅಂದರೆ ಆ ಪಟ್ಟಿ ಕೇಬಲ್ಲಿನ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸೋ ಅಡಾಪ್ಟರ್ ಸಿಗುತ್ತೆ. ಆದರೆ ದೊಡ್ಡ, ಮೂರೂವರೆ ಇಂಚಿನ ಡಿಸ್ಕಿಗೆ ಬೇರೆ ಪವರ್ ಕೊಡೋ ಅಡಾಪ್ಟರೇ ಬೇಕು, ಯುಎಸ್‌ಬಿ ಪವರ್ ಸಾಲೋದಿಲ್ಲ. ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು ಬಂದರೆ ಏನೂ ಮಾಡದೆ ಆಫ್ ಮಾಡಿ.

ನಕಲು ಕೈಲಿದ್ದರೆ ಆಮೇಲೆ ಚೆಕ್‌ಡಿಸ್ಕ್ ಆದರೂ ಹೊಡೆಯಿರಿ, ರಿಪೇರ್ ಫೋಲ್ಡರ್ ಆದರೂ ಹಾಕಿ, ಯಾರೂ ಕೇಳೋದಿಲ್ಲ.

ಗಂಜ್ ಪ್ರೆಸ್
ಸದ್ದೇನೂ ಇಲ್ಲಣ್ಣ. ನಿಮ್ಮ ಮಾತು ಕೇಳಿ ಕಾಕಾ ನಾಕು ಸಲ ಕಿವಿ ಹಚ್ಚಿ ಕೇಳಿದ. ಅಡಾಪ್ಟರ್ ಒಬ್ಬ ದೋಸ್ತನ ಹತ್ರ ಅದ. ಆದ್ರ ಲಿನಕ್ಸ್ ನಂಗ ಗೊತ್ತಿಲ್ಲ.

ಬೀದರ್ ಸ್ಟುಡಿಯೋ
ಲಿನಕ್ಸ್ ಅಂದ್ರ ಅಂಜಬ್ಯಾಡ್ರಿ. ಪಪ್ಪಿ ಲಿನಕ್ಸ್ ಅಂತದ, ಸಣ್ಣದು. ಸಿಡಿ ಹಾಕಿದ್ರ ರ್‍ಯಾಮಿನಾಗೇ ಕುಂದ್ರತದ, ಡಿಸ್ಕಿಗಿ ಏನೂ ಬರಿಯಲ್ಲ. 512 ಎಂಬಿ ಅದಕ್ಕ ನಡೀತದ. 32 ಬಿಟ್ಟಿಂದೇ ಇಳಸ್ಕೋರಿ, ಪೆಂಟಿಯಂ 4ನಾಗ ಭಾಳ ಚಿಪ್ 64 ಬಿಟ್ ಅಲ್ಲ. ಉಬುಂಟು ತರಬ್ಯಾಡ್ರಿ, 32 ಬಿಟ್ಟಿಂದು ಅವರು ಎಂದೋ ನಿಲ್ಲಿಸ್ಯಾರ.

ಪೆನ್ ಡ್ರೈವಿನಿಂದ ಅಷ್ಟು ಹಳೇ ಬಾಯೋಸ್ ಎಬ್ಬಸ್ತದೋ ಇಲ್ಲೋ, ಸಿಡಿನೇ ಖಾತ್ರಿ. ಖಾಲಿ ಸಿಡಿ ಸಿಗಲಿಲ್ಲಂದ್ರ ನಂಗ ಹೇಳ್ರಿ. ಲಗ್ನದ ವಿಡಿಯೋ ಸಿಡಿಯಾಗ ಕೊಡ್ತಿದ್ದ ಕಾಲದ್ದು ಒಂದು ಗೂಟ ತುಂಬಾ ಅವ. ಬರದು ಕಲಬುರಗಿ ಬಸ್ಸಿಗಿ ಕೊಟ್ಟು ಕಳಸ್ತೀನಿ.

ತೊಗರಿ ಕಣಜ
ಬಸ್ ಯಾಕ್ರೀ, ರೈಲಿಗಿ ಕಳಸ್ರಿ. 2017ರಾಗ ಲೈನ್ ಆಗ್ಯಾದ, ಬೀದರದವರು ಇನ್ನೂ ಬಸ್ಸೇ ಅಂತೀರಿ.

ಬೀದರ್ ಸ್ಟುಡಿಯೋ
ರೈಲಿಗಿ ನಾ ಹೊತ್ತು ನೋಡಿ ಸ್ಟೇಷನ್ನಿಗಿ ಹೋಗ್ಬೇಕು. ಬಸ್ ನನ್ನ ಅಂಗಡಿ ಮುಂದಿನಿಂದೇ ಹೋಗ್ತದ. ನೀವು ಬಂದು ಒಯ್ತೀರೇನು?

ತೊಗರಿ ಕಣಜ
ಹುಮನಾಬಾದದಾಗ ಚಾ ಕುಡ್ಸಿದ್ರ ಬರ್ತೀನಿ.

ಆಳಂದ ಟೈಪಿಂಗ್
ಸಿಡಿ ಜಗಳ ಸಾಕು. ಯಾದಗಿರಿ ಸರ್, ರಿಪೇರ್ ಫೋಲ್ಡರ್ ಬ್ಯಾಡ ಅಂದ್ರಿ, ಮತ್ತ ಯಾವುದು ಹಾಕಬೇಕು ಅಂತ ಹೇಳಲೇ ಇಲ್ಲ.

ಯಾದಗಿರಿ ಲ್ಯಾಬ್
ಹೌದಕ್ಕ, ಅಲ್ಲಿಗೇ ಬರಕತ್ತಿದ್ದೆ. ಎಕ್ಸ್‌ಪಿಯಾಗ ಸಿಸ್ಟಮ್ ರಿಸ್ಟೋರ್ ಅಂತದ, ಯಾರೂ ಬಂದ್ ಮಾಡಿರ್ಲಿಲ್ಲಂದ್ರ ಅದು ತನ್ನಷ್ಟಕ್ಕ ತಾನೇ ಆಗಾಗ ರಜಿಸ್ಟ್ರಿ ನಕಲು ತಗದು ಇಡ್ತಿರ್ತದ. ಎಲ್ಲಂದ್ರ, ಸಿ ಡ್ರೈವಿನಾಗ ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಅನ್ನೋ ಮುಚ್ಚಿಟ್ಟ ಫೋಲ್ಡರ್. ಅದರೊಳಗ ‘ರಿಸ್ಟೋರ್’ ಅಂತ ಶುರುವಾಗೋ ಉದ್ದ ಹೆಸರಿಂದು, ಅದರೊಳಗ ಆರ್‌ಪಿ ಅಂತ ಅಂಕಿ ಹಾಕಿದ ಫೋಲ್ಡರ್‌ಗಳು. ತಾರೀಖು ನೋಡ್ರಿ. ಕರೆಂಟ್ ಹೋಗೋಕಿಂತ ಮೊದಲಿಂದು, ಕಂಪ್ಯೂಟರ್ ಛಲೋ ನಡದ ದಿನದ್ದು ಆರಿಸ್ರಿ. ಅದರಾಗಿನ ಸ್ನ್ಯಾಪ್‌ಶಾಟ್ ಫೋಲ್ಡರಿನಾಗ ‘ರಜಿಸ್ಟ್ರಿ ಮಷೀನ್ ಸಿಸ್ಟಮ್’ ಅಂತ ಫೈಲ್ ಇರ್ತದ, ಪದಗಳ ನಡುವೆ ಅಡಿಗೆರೆ.

ಆ ಫೋಲ್ಡರಿಗಿ ರಿಕವರಿ ಕನ್ಸೋಲಿನಿಂದ ನೇರ ಹೋಗ್ಲಿಕ್ಕ ಬಿಡಲ್ಲ. ಪಪ್ಪಿಯಿಂದ ಆದ್ರ ಹೊಕ್ಕಬಹುದು, ಅದಕ್ಕ ವಿಂಡೋಸಿನ ಬೀಗ ಗೊತ್ತಾಗಲ್ಲ. ಆ ಫೈಲ್ ಕಾನ್ಫಿಗ್ ಫೋಲ್ಡರಿಗಿ ಕಾಪಿ ಮಾಡಿ ಬರೇ ‘ಸಿಸ್ಟಮ್’ ಅಂತ ಹೆಸರಿಡ್ರಿ, ಹಿಂದ ಡಾಟ್ ಗೀಟ್ ಏನೂ ಬ್ಯಾಡ. ಹಳೇದನ್ನ ಅಳಸಬ್ಯಾಡ್ರಿ, ‘ಸಿಸ್ಟಮ್ ಹಳೇದು’ ಅಂತ ಹೆಸರಿಟ್ಟು ಅಲ್ಲೇ ಬಿಡ್ರಿ.

ಸ್ಟೇಷನ್ ರೋಡ್ ಶಿಷ್ಯ
ಇದು ನಂಗ ಹೊಳದಿರ್ಲಿಲ್ಲ, ಛಲೋ ಅದ. ರಿಸ್ಟೋರ್ ಬಂದ್ ಇದ್ರ ಮತ್ತ ನನ್ನ ದಾರಿನೇ ಗತಿ.

ಖಡಕ್ ಚಾಯ್
ಇಷ್ಟೆಲ್ಲಾ ಮಾಡೋ ಬದ್ಲು ಹಳೇ ಫೈಲ್ ಎಲ್ಲಾ ಯೂನಿಕೋಡ್, ಅಂದ್ರ ಎಲ್ಲಾ ಕಂಪ್ಯೂಟರಿಗೂ ಒಂದೇ ಇರೋ ಅಕ್ಷರ ಸಂಕೇತ, ಮಾಡ್ಕೊಂಡು ಹೊಸಾ ಕಂಪ್ಯೂಟರಿಗಿ ಬರ್ರಿ ಅಂತ ಮತ್ತ ಹೇಳ್ತೀನಿ. 1991ರಿಂದೇ ಕನ್ನಡ ಯೂನಿಕೋಡಿನಾಗ ಅದ. ಎಕ್ಸ್‌ಪಿಯಾಗೇ ತುಂಗಾ ಫಾಂಟ್ ಬಂದಿತ್ತು.

ಆಳಂದ ಟೈಪಿಂಗ್
ಬಂದಿತ್ತು, ಆದ್ರ ಪೇಜ್‌ಮೇಕರಿಗಿ ಯೂನಿಕೋಡ್ ಕನ್ನಡ ಬರಲ್ಲ ಅಣ್ಣಾ. ಹಂಗಾಗೇ ಪ್ರೆಸ್ಸಿನವರೆಲ್ಲಾ ಆ ಹಳೇ ಫಾಂಟಿನಾಗೇ ಉಳದ್ರು. ನುಡಿ ಸಾಫ್ಟ್‌ವೇರಿನಾಗ ಟೈಪ್ ಮಾಡಿದ್ದನ್ನ ಯೂನಿಕೋಡಿಗಿ ತರ್ಲಾಕ ಪರಿವರ್ತಕ ಅವ, ನಾನೇ ದಿನಾ ಉಪಯೋಗಸ್ತೀನಿ. ಬ್ಯಾರೆ ಕಂಪನಿ ಫಾಂಟಿಂದು ಹಂಗ ಸಲೀಸಾಗಿ ಆಗಲ್ಲ, ಅರ್ಕಾವತ್ತು, ಒತ್ತಕ್ಷರ ಜಾಗ ತಪ್ತಾವ. ಲಗ್ನಪತ್ರದಾಗ ಮದುಮಗಳ ಹೆಸರೇ ತಪ್ಪಿದ್ರ ಬೀಗರು ಯಾರಿಗಿ ಬಡೀತಾರ?

ಪುಟ ಜೋಡಸೋ ಹೊಸಾ ಸಾಫ್ಟ್‌ವೇರ್ ಇನ್‌ಡಿಸೈನಿಗಿ ಹೋಗಬೇಕಂದ್ರೂ, ಸಿಎಸ್6 ತನಕದ್ದು ಪೇಜ್‌ಮೇಕರ್ 7ರ ಫೈಲ್ ತೆಗೀತದ, ಆಮ್ಯಾಲಿನವು ತೆಗಿಯಲ್ಲ. ತಗದ್ರೂ ಅಕ್ಷರ ಅದೇ ಹಳೇ ಫಾಂಟಿನವು.

ಖಡಕ್ ಚಾಯ್
ಆತಕ್ಕ, ಸೋತೆ. ಆದ್ರ ಆ ಡಬ್ಬಿಗಿ ಇಂಟರ್ನೆಟ್ ಹಚ್ಚಬ್ಯಾಡ್ರಿ, ಅಷ್ಟಾರ ಕೇಳ್ರಿ. 2017ರಾಗ ವಾನಾಕ್ರೈ ವೈರಸ್ ಬಂದಾಗ ಮೈಕ್ರೋಸಾಫ್ಟ್‌ನವರು ಕೈ ಬಿಟ್ಟ ಎಕ್ಸ್‌ಪಿಗೂ ಒಂದು ಪ್ಯಾಚ್ ಕೊಟ್ರು, ಅಷ್ಟು ಭಯ ಇತ್ತು.

ಸೇಡಂ ಟು ಬೆಂಗಳೂರು
ಈ ಮಾತಿಗೆ ನನ್ನ ಓಟು. ಗಿರಾಕಿ ತರೋ ಪೆನ್ ಡ್ರೈವನ್ನೂ ನೇರ ಹಾಕಬೇಡಿ, ಬೇರೆ ಕಂಪ್ಯೂಟರಲ್ಲಿ ನೋಡಿ ಹಾಕಿ. ಪ್ರೆಸ್ಸಿಗೆ ವೈರಸ್ ಬರೋದು ಆ ದಾರಿಯಿಂದಲೇ.

ಗಂಜ್ ಪ್ರೆಸ್ (ಎರಡು ದಿನ ಬಿಟ್ಟು)
ಎದ್ದದ್ರೀ!! ಕಾಕಾ ಪೇಢಾ ಹಂಚಲತ್ತಾನ.

ಬೀದರ ಅಣ್ಣನ ಸಿಡಿ ಬಸ್ಸಿಗೇ ಬಂತು. ಮೊದ್ಲು ದೋಸ್ತನ ಕಂಪ್ಯೂಟರಿಗಿ 80 ಜಿಬಿ ಹಚ್ಚಿ ಡಿಡಿರೆಸ್ಕ್ಯೂ ನಕಲು ತಗದ್ವಿ, ಬೆಂಗಳೂರ ಅಣ್ಣ ಫೋನಿನಾಗ ಒಂದೊಂದೇ ಸಾಲು ಹೇಳ್ತಾ ಹೋದ್ರು. ಥೋಡೆ ಜಾಗ ಓದ್ಲಿಕ್ಕ ಆಗ್ಲಿಲ್ಲ, ಉಳದಿದ್ದೆಲ್ಲಾ ಬಂತು. ಆಮ್ಯಾಲ ಡಿಸ್ಕ್ ತಿರುಗಿ ಹಾಕಿ ಪಪ್ಪಿ ಸಿಡಿಯಿಂದ ಎಬ್ಬಿಸಿ ಆ ಮುಚ್ಚಿಟ್ಟ ಫೋಲ್ಡರ್ ಹೊಕ್ಕೆ. ಆರ್‌ಪಿ ಫೋಲ್ಡರ್ ಸಾಲು ಸಾಲು ಇದ್ವು. ಕರೆಂಟ್ ಹೋಗೋ ಹಿಂದಿನ ವಾರದ್ದು ತಗದು ಯಾದಗಿರಿ ಸರ್ ಹೇಳ್ದಂಗ ಹಾಕಿದೆ. ಲಾಕ್ ಮೊದ್ಲು ಕಾಣಲಿಲ್ಲ. ಬಾಯೋಸಿನಾಗ ಪೋರ್ಟಿನ ಸೆಟ್ಟಿಂಗ್ ಎಸ್‌ಪಿಪಿ ಇತ್ತು, ಇಪಿಪಿ ಮಾಡಿದ ಮ್ಯಾಲ ಕನ್ನಡ ಬಂತು.

ಯಾದಗಿರಿ ಲ್ಯಾಬ್
ಭೇಷ್! ಓದ್ಲಿಕ್ಕ ಬರದ ಜಾಗ ಅದ ಅಂದ್ರ ಆ ಡಿಸ್ಕ್ ನಂಬಬ್ಯಾಡ್ರಿ. ಇನ್ನೊಂದು ಐಡಿಇ ಡಿಸ್ಕ್ ಗುಜರಿಯಾಗ ಸಿಕ್ರ ನಕಲು ಅದಕ್ಕಿಳಿಸಿ ಅದನ್ನೇ ನಡಸ್ರಿ. 80 ಜಿಬಿಕಿಂತ ಸಣ್ಣದು ತರಬ್ಯಾಡ್ರಿ. ಹಿಂದ ಜಂಪರ್ ಇರ್ತದ, ಮಾಸ್ಟರ್ ಸ್ಲೇವ್ ಹಳೇದರಂಗೇ ಇಡ್ರಿ. ಡಬ್ಬಿ ಬಿಚ್ಚಿದಾಗ ಮದರ್‌ಬೋರ್ಡಿನ ಕೆಪ್ಯಾಸಿಟರ್ ತಲಿ ಉಬ್ಬ್ಯಾವೇನು ನೋಡ್ರಿ. ಆ ಕಾಲದ ಬೋರ್ಡಿಗಿ ಆ ರೋಗ ಭಾಳ ಇತ್ತು, ನಮ್ಮ ಬ್ಯಾಸಗಿ ಬ್ಯಾರೆ.

ತೊಗರಿ ಕಣಜ
ಯುಪಿಎಸ್ ಬ್ಯಾಟರಿ ಹಾಕಿದ್ರೇನು?

ಗಂಜ್ ಪ್ರೆಸ್
ಕಾಕಾ ಸೀಜನ್ ಮುಗೀಲಿ ಅಂತಾನ.

ಆಳಂದ ಟೈಪಿಂಗ್
ಸೀಜನ್ನಿನಾಗೇ ಕರೆಂಟ್ ಹೋಗ್ತದಂತ ಹೇಳ್ರಿ ಕಾಕಾಗ.

ಜೇವರ್ಗಿ ಕ್ರಾಸ್
ಅಣ್ಣಾಗೋಳಾ, ಇದೇ ಜಾಗದಾಗ ಕೇಳ್ತೀನಿ. ನಮ್ಮ ಗೊಬ್ಬರ ಅಂಗಡಿ ಕಂಪ್ಯೂಟರ್ ಎಚ್‌ಎಎಲ್ ಡಾಟ್ ಡಿಎಲ್‌ಎಲ್ ಇಲ್ಲಂತದ. ಅದೂ ಎಕ್ಸ್‌ಪಿ. ನಂದಕ್ಕೂ ಆ ಆರ್‌ಪಿ ಫೋಲ್ಡರೇ?

ಸ್ಟೇಷನ್ ರೋಡ್ ಶಿಷ್ಯ
ಅಲ್ಲ ತಮ್ಮಾ, ಇದು ನನ್ನ ಕೆಲಸ. ಆ ಮಾತು ಬಂದಾಗ ಭಾಳ ಸಲ ಆ ಫೈಲ್ ಅಲ್ಲೇ ಇರ್ತದ, ಬೂಟ್ ಡಾಟ್ ಐಎನ್ಐ ದಾರಿ ತಪ್ಪಿ ಬ್ಯಾರೆ ಪಾರ್ಟಿಶನ್ನಿನಾಗ ಹುಡಕ್ತಿರ್ತದ. ರಿಕವರಿ ಕನ್ಸೋಲಿನಾಗ ಬಿ-ಒ-ಒ-ಟಿ-ಸಿ-ಎಫ್-ಜಿ, ಜಾಗ ಬಿಟ್ಟು ಸ್ಲ್ಯಾಶ್ ರಿಬಿಲ್ಡ್ ಹೊಡಿ. ಅದೇ ವಿಂಡೋಸ್ ಹುಡುಕಿ ಸೇರಿಸ್ಲೇನು ಅಂತ ಕೇಳ್ತದ, ವೈ ಒತ್ತು. ಹೆಸರು ಕೇಳಿದ್ರ ಏನಾರ ಬರಿ. ನಿನ್ನ ಹತ್ರ ಸಿಡಿ ಅದಾ? ಹಾರ್ಡ್ ಡಿಸ್ಕ್ ಪಟ್ಟಿ ಕೇಬಲ್ಲಿಂದೋ, ಸಣ್ಣ ಕೆಂಪು ಕೇಬಲ್ಲಿಂದೋ? ಸಣ್ಣದಿದ್ರ ಮೊದ್ಲು ಬಾಯೋಸಿನಾಗ ಸಾಟಾ, ಅಂದ್ರ ಆ ಸಣ್ಣ ಕೇಬಲ್ಲಿನ, ಮೋಡ್ ಐಡಿಇ ಅದೇನು ನೋಡು. ಎಎಚ್‌ಸಿಐ ಇದ್ರ ಎಕ್ಸ್‌ಪಿ ಸಿಡಿಗಿ ಡಿಸ್ಕೇ ಕಾಣಲ್ಲ.

ಜೇವರ್ಗಿ ಕ್ರಾಸ್
ಕೆಂಪು ಕೇಬಲ್ ಅದಣ್ಣ. ಸಿಡಿ ಇಲ್ಲ.

ಬೀದರ್ ಸ್ಟುಡಿಯೋ
ಕಳಸ್ತೀನಿ ತಮ್ಮಾ. ಬಸ್ಸಿಗಿ.